ಅಕ್ಷರದಿಂದ ಬೇರೆಯಾದ ಚಿತ್ರ: ಕರಾವಳಿಯ ಸಚಿತ್ರ ಪುಸ್ತಕಗಳ ಹಿನ್ನೆಲೆ

ಮಂಗಳೂರಿನ ಅಥವಾ ಉಡುಪಿಯ ಪುಸ್ತಕದಂಗಡಿಗೆ ಹೋಗಿ, ಹತ್ತು ವರ್ಷದ ಮಗುವಿಗೆ ಯಕ್ಷಗಾನದ ವೇಷಗಳ ಕುರಿತೋ ಬಾರಕೂರಿನ ಇತಿಹಾಸದ ಕುರಿತೋ ಕನ್ನಡದಲ್ಲಿ ಒಂದು ಒಳ್ಳೆಯ ಬಣ್ಣದ ಪುಸ್ತಕ ಕೊಡಿ ಎಂದು ಕೇಳಿದರೆ, ಅಂಗಡಿಯವರು ಬಹುಮಟ್ಟಿಗೆ ಬೆಂಗಳೂರಿನಲ್ಲಿ ಪ್ರಕಟವಾದ ಪುರಾಣ ಕಥೆಗಳನ್ನೋ ದಿಲ್ಲಿಯಿಂದ ಬಂದ ಅನುವಾದಗಳನ್ನೋ ಮುಂದಿಡುತ್ತಾರೆ. ದೊಡ್ಡವರು ಇದೇ ವಿಷಯದ ಮೇಲೆ ಸಚಿತ್ರ ಗ್ರಂಥ ಬೇಕೆಂದರೆ ಇಂಗ್ಲಿಷಿನ ದುಬಾರಿ ಪುಸ್ತಕಗಳ ಕಪಾಟಿಗೆ ಹೋಗಬೇಕಾಗುತ್ತದೆ. ಕನ್ನಡದ ಮೊದಲ ಪತ್ರಿಕೆ ಅಚ್ಚಾದ ಊರು ಮಂಗಳೂರು. ಉಡುಪಿಯ ನೆರೆಯ ಮಣಿಪಾಲ ದೇಶದಲ್ಲೇ ಹೆಸರಾದ ಮುದ್ರಣ ಕೇಂದ್ರ. ಚಿತ್ರಕಾರರಿಗೂ ಇತಿಹಾಸಕಾರರಿಗೂ ಈ ಎರಡು ಜಿಲ್ಲೆಗಳಲ್ಲಿ ಎಂದೂ ಬರ ಇರಲಿಲ್ಲ. ಹಾಗಿದ್ದೂ ಕಲೆ, ವಿನ್ಯಾಸ, ಇತಿಹಾಸಗಳನ್ನು ಚಿತ್ರದ ಮೂಲಕ ಹೇಳುವ ಕನ್ನಡ ಪುಸ್ತಕಗಳು ಇಲ್ಲಿ ಏಕೆ ಇಷ್ಟು ವಿರಳ ಎಂಬ ಪ್ರಶ್ನೆಗೆ ಅಭಿರುಚಿಯ ಕೊರತೆ ಎಂಬ ಉತ್ತರ ಸಾಲದು. ಅಕ್ಷರ ಮತ್ತು ಚಿತ್ರ ಅಚ್ಚಿನಮನೆಯಲ್ಲಿ ಯಾವಾಗ, ಹೇಗೆ ಬೇರೆಯಾದವು ಎಂಬುದನ್ನು ನೋಡಿದರೆ ಉತ್ತರದ ದೊಡ್ಡ ಪಾಲು ಅಲ್ಲಿ ಸಿಗುತ್ತದೆ.

ಮುದ್ರಣ ಬರುವ ಮೊದಲು ಅವು ಬೇರೆಯಾಗಿರಲಿಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಕಾಪಿಟ್ಟುಕೊಂಡು ಬಂದ, ಷಟ್ಖಂಡಾಗಮ ಎಂಬ ದಿಗಂಬರ ಜೈನ ಶಾಸ್ತ್ರಗ್ರಂಥದ ಧವಲಾ ಟೀಕೆಯ ಓಲೆಗರಿ ಪ್ರತಿಯಲ್ಲಿ, ಹನ್ನೆರಡನೆಯ ಶತಮಾನದ ಆದಿಭಾಗಕ್ಕೆ ಸೇರಿದ ಬಣ್ಣದ ಚಿತ್ರಗಳಿವೆ. ತೀರ್ಥಂಕರರು, ಯಕ್ಷ ಯಕ್ಷಿಯರು, ಪೂಜಿಸುತ್ತಿರುವ ಭಕ್ತರು ಬರಹವಿರುವ ಓಲೆಗಳ ಮೇಲೆಯೇ ಮೂಡಿದ್ದಾರೆ. ದಿಗಂಬರ ಪರಂಪರೆಯ ಸಚಿತ್ರ ಹಸ್ತಪ್ರತಿಗಳಲ್ಲಿ ಇವು ಅತ್ಯಂತ ಹಳೆಯವುಗಳ ಸಾಲಿಗೆ ಸೇರುತ್ತವೆ. ಗ್ರಂಥದ ಭಾಷೆ ಪ್ರಾಕೃತವೂ ಸಂಸ್ಕೃತವೂ ಆದರೂ ಬರೆದ ಲಿಪಿ ಹಳಗನ್ನಡದ್ದು. ಬೆರಳೆಣಿಕೆಯ ಅಂಗುಲಗಳಷ್ಟು ಅಗಲದ ಓಲೆಯಲ್ಲಿ ಅಕ್ಷರಗಳ ಸಾಲನ್ನೂ ಮೂರ್ತಿಯ ಭಂಗಿಯನ್ನೂ ಒಂದೇ ಅಳತೆಯಲ್ಲಿ ಹೊಂದಿಸಿದ ಆ ಕೈಗಳ ಕೆಲಸವನ್ನು ಪುಟವಿನ್ಯಾಸ ಎಂದೇ ಕರೆಯಬೇಕು. ಇಪ್ಪತ್ತನೆಯ ಶತಮಾನದಲ್ಲಿ ಈ ಗ್ರಂಥ ಹಿಂದಿ ಅನುವಾದದೊಡನೆ ಹದಿನಾರು ಸಂಪುಟಗಳಲ್ಲಿ ಅಚ್ಚಾಗಿ ದೇಶದ ವಿದ್ವಾಂಸರನ್ನೆಲ್ಲ ತಲುಪಿತು. ಚಿತ್ರಗಳು ಮಾತ್ರ ಕಲಾ ಇತಿಹಾಸದ ಇಂಗ್ಲಿಷ್ ಗ್ರಂಥಗಳಲ್ಲಿ ಬಿಡಿಬಿಡಿಯಾಗಿ ಕಾಣಿಸಿಕೊಂಡವು. ಒಂದೇ ಓಲೆಯಲ್ಲಿದ್ದ ಎರಡು ಸಂಗತಿಗಳು ಅಚ್ಚಿನ ಲೋಕಕ್ಕೆ ಬರುವಾಗ ಎರಡು ದಾರಿ ಹಿಡಿದವು.

ಆದರೆ ಮಂಗಳೂರಿನ ಮುದ್ರಣದ ಆರಂಭದಲ್ಲೇ ಈ ಅಗಲಿಕೆ ಇರಲಿಲ್ಲ ಎಂಬುದು ಗಮನಿಸಬೇಕಾದ ಅಂಶ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1841ರಲ್ಲಿ ಇಲ್ಲಿ ಸ್ಥಾಪಿಸಿದ್ದು ಕಲ್ಲಚ್ಚಿನ ಮುದ್ರಣಾಲಯ. ನಯವಾಗಿ ಉಜ್ಜಿದ ಸುಣ್ಣಕಲ್ಲಿನ ಹಾಸಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮಸಿ ಸವರಿದರೆ, ಜಿಡ್ಡಿರುವ ಕಡೆ ಮಾತ್ರ ಮಸಿ ನಿಲ್ಲುತ್ತದೆ, ನೀರಿರುವ ಕಡೆ ನಿಲ್ಲುವುದಿಲ್ಲ. ಕಲ್ಲಿಗೆ ಅಕ್ಷರ ಯಾವುದು, ಗೆರೆ ಯಾವುದು ಎಂಬ ಭೇದವಿಲ್ಲ. ಬರೆದದ್ದೆಲ್ಲವೂ ಅಚ್ಚಾಗುತ್ತದೆ. 1843ರ ಜುಲೈ 1ರಂದು ಆ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಹೀಗೆ. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಧನಸಹಾಯದಿಂದ ಮೊಗ್ಲಿಂಗ್ 1848ರಿಂದ ಪ್ರಕಟಿಸಿದ ಹಳೆಯ ಕನ್ನಡ ಕಾವ್ಯಗಳ ಮಾಲೆಯೂ ಕಲ್ಲಚ್ಚಿನದೇ. ಕೈಬರಹದ ಬೆಡಗನ್ನು ಹಾಗೆಯೇ ಉಳಿಸಿಕೊಳ್ಳಬಲ್ಲ, ಬೇಕಾದಲ್ಲಿ ಚಿತ್ರವನ್ನು ಹೆಚ್ಚಿನ ಖರ್ಚಿಲ್ಲದೆ ಕೂರಿಸಬಲ್ಲ ತಂತ್ರ ಕನ್ನಡದ ಮೊದಲ ಪತ್ರಿಕೆಯ ಕೈಯಲ್ಲಿತ್ತು.

ಆ ಪತ್ರಿಕೆಯೇ ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಅಚ್ಚುಮೊಳೆಗಳಿಂದ, ಎಂದರೆ ಬಿಡಿಬಿಡಿಯಾಗಿ ಎರಕಹೊಯ್ದ ಲೋಹದ ಅಕ್ಷರಗಳಿಂದ, ಮುದ್ರಣವಾಗತೊಡಗಿತು. ಮೊಳೆಯ ಅಚ್ಚು ವೇಗದ್ದು, ಓದಲು ಸ್ಪಷ್ಟವಾದದ್ದು, ಸಾವಿರಾರು ಪ್ರತಿಗಳಿಗೆ ಅಗ್ಗವಾದದ್ದು. 1850ರ ದಶಕದ ಆರಂಭದಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಅವರ ಮೂಲಕ ಮಂಗಳೂರಿಗೂ ಸುಧಾರಿತ ಕನ್ನಡ ಮೊಳೆಗಳು ಬಂದವು. (ಇದೇ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಮೊದಲ ಹಂಚಿನ ಕಾರ್ಖಾನೆಯನ್ನೂ ಆರಂಭಿಸಿದರು. ಕರಾವಳಿಯ ಮನೆಗಳ ಮಾಡಿಗೂ ಪುಸ್ತಕಗಳ ಪುಟಕ್ಕೂ ಅಚ್ಚು ಕೊಟ್ಟವರು ಒಬ್ಬರೇ ಎಂಬುದು ಇಲ್ಲಿನ ವಿನ್ಯಾಸದ ಇತಿಹಾಸ ಬರೆಯುವವರು ಬಿಡಬಾರದ ಸಂಗತಿ.) ಶಾಲೆಗಳಿಗೆ ಪಠ್ಯಪುಸ್ತಕಗಳು, 1886ರಲ್ಲಿ ಮ್ಯಾನರರ ತುಳು ನಿಘಂಟು, 1894ರಲ್ಲಿ ಕಿಟೆಲರ ಕನ್ನಡ ನಿಘಂಟು ಇದೇ ಮುದ್ರಣಾಲಯದಿಂದ ಬಂದವು. ಕನ್ನಡಕ್ಕೆ ಇದರಿಂದಾದ ಉಪಕಾರವನ್ನು ಅಳೆಯಲಾಗದು. ಆದರೆ ಮೊಳೆ ಜೋಡಿಸುವ ಪೆಟ್ಟಿಗೆಯಲ್ಲಿ ಅಕ್ಷರಗಳಿಗೆ ಮನೆಯಿತ್ತು, ಚಿತ್ರಕ್ಕೆ ಇರಲಿಲ್ಲ. ಚಿತ್ರ ಬೇಕೆಂದರೆ ಅದನ್ನು ಬೇರೆಯಾಗಿ ಮರದಲ್ಲಿ ಕೊರೆಸಬೇಕು ಅಥವಾ ಸತುವಿನ ತಗಡಿನಲ್ಲಿ ಆಮ್ಲದಿಂದ ಕೊರೆದು ಬ್ಲಾಕ್ ಮಾಡಿಸಬೇಕು, ಅದಕ್ಕೆ ಬೇರೆ ಹಣ ಕೊಡಬೇಕು. ಅಂದಿನಿಂದ ಚಿತ್ರ ಪುಸ್ತಕದ ಅಂಗವಾಗಿ ಉಳಿಯದೆ ಲೆಕ್ಕದ ಪಟ್ಟಿಯಲ್ಲಿ ಪ್ರತ್ಯೇಕ ಬಾಬತ್ತಾಯಿತು. ಹಣ ಸಾಲದೆ ಹೋದಾಗ ಮೊದಲು ಕಡಿತವಾಗುವುದೂ ಅದೇ ಆಯಿತು.

ಛಾಯಾಚಿತ್ರ ಬಂದ ಮೇಲೆ ಕಷ್ಟ ಇನ್ನೂ ಹೆಚ್ಚಿತು. ಛಾಯಾಚಿತ್ರದ ನೆರಳು ಬೆಳಕುಗಳನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಮಾಡುವ ಹಾಫ್‌ಟೋನ್ ಬ್ಲಾಕಿಗೆ ನಯವಾದ ಆರ್ಟ್ ಪೇಪರ್ ಬೇಕು. ಸಾಧಾರಣ ಕಾಗದದಲ್ಲಿ ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡು ಶಿಲ್ಪದ ಮುಖವೆಲ್ಲ ಮಸಿಯಾಗುತ್ತದೆ. ಹಾಗಾಗಿ ಚಿತ್ರಗಳನ್ನೆಲ್ಲ ಬೇರೆ ಕಾಗದದಲ್ಲಿ ಅಚ್ಚು ಹಾಕಿ ಪುಸ್ತಕದ ಕೊನೆಗೆ ಸೇರಿಸಿ ಹೊಲಿಯುವುದು ರೂಢಿಯಾಯಿತು. ಪಾದೂರು ಗುರುರಾಜ ಭಟ್ಟರು ತುಳುನಾಡಿನ ದೇವಾಲಯಗಳನ್ನೂ ಮೂರ್ತಿಗಳನ್ನೂ ವರ್ಷಗಟ್ಟಲೆ ಸುತ್ತಿ ನೋಡಿ 1975ರಲ್ಲಿ ಪ್ರಕಟಿಸಿದ ತುಳುವ ಇತಿಹಾಸದ ಮಹಾಗ್ರಂಥ ಇಂದಿಗೂ ಈ ಜಿಲ್ಲೆಗಳ ಶಿಲ್ಪದ ಅಭ್ಯಾಸಕ್ಕೆ ಮೊದಲ ಆಕರ. ಅದು ಇಂಗ್ಲಿಷಿನಲ್ಲಿದೆ. ಅದರಂಥ ಗ್ರಂಥಗಳನ್ನು ಓದುವವರು ಒಂದು ವಿಗ್ರಹದ ಲಕ್ಷಣವನ್ನು ಒಂದು ಪುಟದಲ್ಲಿ ಓದಿ, ಚಿತ್ರದ ಸಂಖ್ಯೆಯನ್ನು ನೆನಪಿಟ್ಟುಕೊಂಡು, ನೂರಾರು ಪುಟ ದಾಟಿ ಆ ಚಿತ್ರವನ್ನು ಹುಡುಕಬೇಕು. ವಿದ್ವಾಂಸರು ಇದನ್ನು ಸಹಿಸುತ್ತಾರೆ. ಮಗು ಸಹಿಸುವುದಿಲ್ಲ.

ಮಕ್ಕಳ ಕಡೆಯಿಂದ ಈ ಕಥೆಯನ್ನು ನೋಡಿದರೆ ಕರಾವಳಿಯ ಹೆಸರುಗಳು ಸಾಲಾಗಿ ಬರುತ್ತವೆ. ಬಂಟ್ವಾಳದಲ್ಲಿ ಹುಟ್ಟಿ, ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಮಕ್ಕಳ ಓದನ್ನು ಹತ್ತಿರದಿಂದ ಬಲ್ಲ ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಆರಂಭಿಸಿ, ಮಕ್ಕಳಿಗೆ ಪಠ್ಯದ ಹೊರಗೂ ಪುಸ್ತಕ ಬೇಕೆಂಬುದನ್ನು ಸ್ಥಾಪಿಸಿದರು. ಅವರ ಕವಿತೆಗಳ ಬಲ ಕಿವಿಗೆ ಸಂಬಂಧಿಸಿದ್ದು. ಕಣ್ಣಿನ ಕಡೆಗೆ ಗಮನ ತಿರುಗಿಸಿದವರು ಕೋಟದ ಶಿವರಾಮ ಕಾರಂತರು.

ಕಾರಂತರನ್ನು ಕಾದಂಬರಿಕಾರರೆಂದು ಓದುವ ನಾವು ಅವರು ಪುಸ್ತಕ ಎಂಬ ವಸ್ತುವನ್ನೇ ತಮ್ಮ ಕೈಯಿಂದ ಕಟ್ಟಲು ಹೊರಟವರೆಂಬುದನ್ನು ಸಾಕಷ್ಟು ನೆನೆಯುವುದಿಲ್ಲ. 1930ರಲ್ಲೇ ಅವರು ಭಾರತೀಯ ಚಿತ್ರಕಲೆಯ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದರು. ಆ ದಶಕದಲ್ಲೇ ಮಕ್ಕಳಿಗಾಗಿ ಮೂರು ಸಂಪುಟಗಳ ವಿಶ್ವಕೋಶ ‘ಬಾಲ ಪ್ರಪಂಚ’ವನ್ನು ಸಿದ್ಧಪಡಿಸಿದರು. 1959ರಿಂದ 1964ರ ನಡುವೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬಂತು. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿದರು, ತಮ್ಮ ಹಲವು ಪುಸ್ತಕಗಳಿಗೆ ತಾವೇ ಮುಖಪುಟ ಬಿಡಿಸಿದರು. ಬರೆಯುವವರು, ಚಿತ್ರ ಬಿಡಿಸುವವರು, ಅಚ್ಚು ಹಾಕಿಸುವವರು ಒಬ್ಬರೇ ಆದಾಗ ಚಿತ್ರವನ್ನು ಕೈಬಿಡಿ ಎಂದು ಹೇಳುವ ಮೂರನೆಯವರು ಇರುವುದಿಲ್ಲ. ಒಂದು ಇಡೀ ವಿಶ್ವಕೋಶವನ್ನು ಒಂಟಿಯಾಗಿ ಬರೆಯುವ ಸಾಹಸವನ್ನು ಎಲ್ಲರೂ ಹೊಗಳುತ್ತಾರೆ. ಅದಕ್ಕಿಂತ ದೊಡ್ಡದೆಂದು ನನಗೆ ತೋರುವುದು, ದಕ್ಷಿಣ ಕನ್ನಡದ ಒಂದು ಸಣ್ಣ ಪೇಟೆಯಲ್ಲಿ ಕುಳಿತು, ಮಗು ಓದುವುದರ ಜತೆಗೆ ನೋಡಲೂ ಬೇಕು ಎಂದು ಅವರು ಹಿಡಿದ ಹಟ. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅವರ ‘ಯಕ್ಷಗಾನ ಬಯಲಾಟ’ವೂ ಕಾದಂಬರಿಯಲ್ಲ, ಒಂದು ಕಲೆಯ ಅಧ್ಯಯನ.

ಇದೇ ನೆಲದ ಇನ್ನಿಬ್ಬರು ಈ ಕೆಲಸವನ್ನು ಊರಿನ ಹೊರಗೆ ಮುಂದುವರಿಸಿದರು. ಕುಳಕುಂದದಲ್ಲಿ ಹುಟ್ಟಿದ ನಿರಂಜನರು ಬೆಂಗಳೂರಿನಿಂದ ಏಳು ಸಂಪುಟಗಳ ಕಿರಿಯರ ವಿಶ್ವಕೋಶ ‘ಜ್ಞಾನ ಗಂಗೋತ್ರಿ’ಯನ್ನು ಸಂಪಾದಿಸಿದರು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ಮುಂಬೈಯಲ್ಲಿ 1967ರಲ್ಲಿ ‘ಅಮರ ಚಿತ್ರ ಕಥೆ’ಯನ್ನು ಆರಂಭಿಸಿ ಪುರಾಣ, ಇತಿಹಾಸಗಳನ್ನು ಚಿತ್ರದ ಚೌಕಗಳಲ್ಲಿ ಇಡೀ ದೇಶದ ಮಕ್ಕಳಿಗೆ ಕೊಟ್ಟರು. ಆ ಮಾಲೆಯ ಮೊದಲ ಹತ್ತು ಸಂಚಿಕೆಗಳು ಪಾಶ್ಚಾತ್ಯ ಕಥೆಗಳ ಕನ್ನಡ ರೂಪಗಳಾಗಿದ್ದವು. ಇಂಗ್ಲಿಷಿನ ಮಾಲೆ ಹನ್ನೊಂದನೆಯ ಸಂಖ್ಯೆಯ ‘ಕೃಷ್ಣ’ನಿಂದ ಶುರುವಾಗುವುದಕ್ಕೆ ಇದೇ ಕಾರಣ. ಈ ಇಬ್ಬರಿಗೂ ಬೇಕಾದ ಬಂಡವಾಳ, ಚಿತ್ರಕಾರರ ತಂಡ, ಮಾರಾಟದ ಜಾಲ ದೊಡ್ಡ ನಗರಗಳಲ್ಲಿತ್ತು. ದೊಡ್ಡವರ ಕಲಾಪುಸ್ತಕದ ಕಥೆಯೂ ಬೇರೆಯಲ್ಲ. ಉಡುಪಿಯ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಮುಂಬೈಯ ಕಲಾವಿದರಾಗಿ ಬೆಳೆದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಭಾರತದ ಕರಕುಶಲ ಕಲೆಗಳ ಬಗ್ಗೆ ಬರೆದದ್ದು ಇಂಗ್ಲಿಷಿನಲ್ಲಿ. ಬಾರಕೂರಿನ ಹತ್ತಿರದ ಮೆಕ್ಕೆಕಟ್ಟಿನ ಮರದ ಭೂತ ಪ್ರತಿಮೆಗಳಲ್ಲಿ ಹಲವು ಇಂದು ದಿಲ್ಲಿಯ ಕರಕುಶಲ ವಸ್ತು ಸಂಗ್ರಹಾಲಯದಲ್ಲಿವೆ. ಆಳೆತ್ತರದ ಆ ಮೂರ್ತಿಗಳನ್ನು ಬ್ರಹ್ಮಾವರದ ಶಾಲೆಯ ಮಗುವಿಗಿಂತ ದಿಲ್ಲಿಯ ಶಾಲೆಯ ಮಗು ನೋಡಿರುವ ಸಂಭವ ಹೆಚ್ಚು.

ಆಫ್‌ಸೆಟ್ ಮುದ್ರಣ ಬಂದಾಗ ತಾಂತ್ರಿಕ ಅಡ್ಡಿ ಬಹುಮಟ್ಟಿಗೆ ಕಳೆಯಿತು. ಕಲ್ಲಚ್ಚಿನ ನೀರು ಮತ್ತು ಜಿಡ್ಡಿನ ತತ್ತ್ವವನ್ನೇ ಲೋಹದ ತೆಳು ಪ್ಲೇಟಿಗೆ ತಂದ ಈ ವಿಧಾನದಲ್ಲಿ ಅಕ್ಷರ ಮತ್ತು ಚಿತ್ರ ಮತ್ತೆ ಒಂದೇ ಮೇಲ್ಮೈಗೆ ಬಂದವು. ಮಣಿಪಾಲದಿಂದ 1970ರ ಜನವರಿ 1ರಂದು ಆರಂಭವಾದ ಉದಯವಾಣಿಯೂ 1983ರಲ್ಲಿ ಬಂದ ತರಂಗವೂ ಅಚ್ಚುಕಟ್ಟಾದ ಪುಟ, ಒಳ್ಳೆಯ ಚಿತ್ರ ಎಂದರೆ ಏನೆಂಬುದನ್ನು ಕರಾವಳಿಯ ಓದುಗರಿಗೆ ಅಭ್ಯಾಸ ಮಾಡಿಸಿದವು. ದೀಪಾವಳಿ ವಿಶೇಷಾಂಕದ ಬಣ್ಣದ ಪುಟಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿದ ಮನೆಗಳು ಇಲ್ಲಿ ಅಪರೂಪವಲ್ಲ. ಪತ್ರಿಕೆಗಳಲ್ಲಿ ಆದ ಈ ಬದಲಾವಣೆ ಪುಸ್ತಕಗಳಿಗೆ ಅದೇ ವೇಗದಲ್ಲಿ ಹರಡಲಿಲ್ಲ. ಪತ್ರಿಕೆಗೆ ಜಾಹೀರಾತಿನ ಆಧಾರವಿತ್ತು, ಪುಸ್ತಕಕ್ಕೆ ಇರಲಿಲ್ಲ.

ಬಣ್ಣದ ಆಫ್‌ಸೆಟ್ಟಿಗೆ ನಾಲ್ಕು ಪ್ಲೇಟುಗಳು ಬೇಕು: ನೀಲಿ, ಕೆಂಪು, ಹಳದಿ, ಕಪ್ಪು. ಅಕ್ಷರವಿರುವುದು ಕಪ್ಪಿನಲ್ಲಿ. ಬಣ್ಣದ ಮೂರು ಪ್ಲೇಟುಗಳನ್ನು ಹಾಗೆಯೇ ಇಟ್ಟುಕೊಂಡು ಕಪ್ಪನ್ನು ಮಾತ್ರ ಬದಲಿಸಿದರೆ ಅದೇ ಪುಸ್ತಕ ಇನ್ನೊಂದು ಭಾಷೆಯಲ್ಲಿ ಸಿದ್ಧ. ರಾಷ್ಟ್ರೀಯ ಪ್ರಕಾಶನ ಸಂಸ್ಥೆಗಳು ಹಲವು ಭಾಷೆಗಳಲ್ಲಿ ಅಗ್ಗದ ಬಣ್ಣದ ಪುಸ್ತಕ ಕೊಡಲು ಸಾಧ್ಯವಾದದ್ದು ಈ ಲೆಕ್ಕದಿಂದ. ಬಣ್ಣದ ಪುಸ್ತಕವನ್ನೇ ಕಾಣದಿದ್ದ ಹಳ್ಳಿಯ ಶಾಲೆಗಳಿಗೆ ಅವು ತಲುಪಿದ್ದು ಸಣ್ಣ ಮಾತಲ್ಲ. ಆದರೆ ಎಲ್ಲ ಭಾಷೆಗಳಿಗೂ ಹೊಂದುವಂತೆ ಬಿಡಿಸಿದ ಮನೆ ಯಾವ ಊರಿನದೂ ಆಗಿರುವುದಿಲ್ಲ. ನಮ್ಮ ಮಕ್ಕಳು ನೋಡಿದ ಚಿತ್ರಗಳಲ್ಲಿ ಹಂಚಿನ ಇಳಿಜಾರು ಮಾಡಾಗಲಿ, ಅಡಿಕೆ ಒಣಗಲು ಹಾಕಿದ ಅಂಗಳವಾಗಲಿ, ಮಳೆಗಾಲದ ಕೆಂಪು ನೀರಿನ ಹೊಳೆಯಾಗಲಿ ಇರಲಿಲ್ಲ. 2015ರಲ್ಲಿ ಮಕ್ಕಳ ಪುಸ್ತಕಗಳ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಮುಕ್ತ ಪರವಾನಗಿಯ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಅಲ್ಲಿ ಯಾರು ಬೇಕಾದರೂ ಹೊಸ ಕಥೆ ಸೇರಿಸಬಹುದಾದ್ದರಿಂದ ಈ ಕೊರತೆ ತುಂಬಿಕೊಳ್ಳುವ ದಾರಿ ಒಂದಿದೆ. ಆದರೂ ಇತಿಹಾಸ ಮತ್ತು ಕಲೆಯ ಪುಸ್ತಕಕ್ಕೆ ಬೇಕಾದ ಸಂಶೋಧನೆ, ಚಿತ್ರಗಳ ಹಕ್ಕು, ವಿದ್ವಾಂಸರ ಪರಿಶೀಲನೆಗಳ ಖರ್ಚನ್ನು ಯಾರಾದರೂ ಭರಿಸಬೇಕು.

ಇಲ್ಲಿಗೆ ಪ್ರಶ್ನೆ ಅಚ್ಚಿನಮನೆಯಿಂದ ಗ್ರಂಥಾಲಯಕ್ಕೆ ಬರುತ್ತದೆ. ಕನ್ನಡದ ಸಣ್ಣ ಪ್ರಕಾಶಕರ ಉಳಿವು ಬಹುಕಾಲದಿಂದ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ಅವಲಂಬಿಸಿದೆ. ಅಲ್ಲಿ ಪುಸ್ತಕದ ಬೆಲೆ ಕಟ್ಟುವುದು ಮುಖ್ಯವಾಗಿ ಪುಟದ ಲೆಕ್ಕದಲ್ಲಿ. ಇನ್ನೂರು ಪುಟದ ಕಾದಂಬರಿಗೆ ಈ ಲೆಕ್ಕ ಹೊಂದಬಹುದು. ಒಂದೊಂದು ಪುಟಕ್ಕೂ ಚಿತ್ರಕಾರರು ದಿನಗಟ್ಟಲೆ ದುಡಿದ, ದಪ್ಪ ಕಾಗದದಲ್ಲಿ ನಾಲ್ಕು ಬಣ್ಣದಲ್ಲಿ ಅಚ್ಚಾದ ಇಪ್ಪತ್ತನಾಲ್ಕು ಪುಟದ ಮಕ್ಕಳ ಪುಸ್ತಕಕ್ಕೆ ಪುಟ ಎಣಿಸಿ ಬೆಲೆ ಕೊಟ್ಟರೆ ಕಾಗದದ ಖರ್ಚು ಹುಟ್ಟುವುದೂ ಕಷ್ಟ. ಪ್ರಕಾಶಕರು ಚಿತ್ರವನ್ನು ಕಡಿಮೆ ಮಾಡಿ ಪುಟ ಹೆಚ್ಚಿಸಲು ನೋಡಿದರೆ ಅವರನ್ನು ದೂರಲಾಗದು. ಮೊಳೆಯ ಕಾಲದಲ್ಲಿ ಚಿತ್ರ ಹೆಚ್ಚುವರಿ ಬಾಬತ್ತಾಗಿದ್ದುದಕ್ಕೆ ತಾಂತ್ರಿಕ ಕಾರಣವಿತ್ತು. ಇಂದು ಆ ಕಾರಣ ಉಳಿದಿಲ್ಲ, ಲೆಕ್ಕ ಹಾಕುವ ಕ್ರಮ ಮಾತ್ರ ಉಳಿದಿದೆ.

ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯದ ಹಳೆಯ ಪುಸ್ತಕಗಳಿವೆ. ಬಾಸೆಲ್‌ನ ದಾಖಲೆ ಸಂಗ್ರಹದಲ್ಲಿರುವ ಸಾವಿರಾರು ಹಳೆಯ ಛಾಯಾಚಿತ್ರಗಳನ್ನು ಮನೆಯಲ್ಲೇ ಕುಳಿತು ನೋಡಬಹುದು. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ 1899ರಿಂದ 1901ರವರೆಗೆ ಆಂಟೋನಿಯೊ ಮೊಸ್ಕೇನಿ ಬಿಡಿಸಿದ ಭಿತ್ತಿಚಿತ್ರಗಳಿವೆ. ಸಾಮಗ್ರಿ ಹುಡುಕಿಕೊಂಡು ಯಾರೂ ದೂರ ಹೋಗಬೇಕಾಗಿಲ್ಲ. ಮಕ್ಕಳ ಸಚಿತ್ರ ಪುಸ್ತಕಗಳಿಗೂ ಕಲಾಗ್ರಂಥಗಳಿಗೂ ಪುಟದ ದರದಿಂದ ಹೊರತಾದ ಪ್ರತ್ಯೇಕ ಬೆಲೆ, ಚಿತ್ರಕಾರರ ಸಂಭಾವನೆಯನ್ನೂ ಸೇರಿಸಿ ಲೆಕ್ಕ ಹಾಕಿದ ಬೆಲೆ, ಸಗಟು ಖರೀದಿಯ ನಿಯಮದಲ್ಲಿ ಬರಬೇಕು. ಹಾಗಾದರೆ ಮಂಗಳೂರು, ಉಡುಪಿಗಳ ಪ್ರಕಾಶಕರಲ್ಲಿ ಕೆಲವರಾದರೂ ಈ ಕೆಲಸಕ್ಕೆ ಕೈಹಾಕುವ ಧೈರ್ಯ ಮಾಡುತ್ತಾರೆ.