ಕಾಡಿನಿಂದ ಪಾರಾಗಿ ಬಂದ ಬ್ರಯಾನ್‌ಗೆ ಊರೇಕೆ ಒಗ್ಗಲಿಲ್ಲ?

ಪ್ರಶ್ನೆ: ಗ್ಯಾರಿ ಪಾಲ್ಸನ್ ಅವರ ‘ಹ್ಯಾಚೆಟ್’ ಕಾದಂಬರಿಯ ಹುಡುಗ ಕೊನೆಗೆ ಕ್ಷೇಮವಾಗಿ ಮನೆ ಸೇರುತ್ತಾನೆ. ಹಾಗಿದ್ದೂ ‘ಬ್ರಯಾನ್ಸ್ ರಿಟರ್ನ್’ ಪುಸ್ತಕದಲ್ಲಿ ಅವನೇಕೆ ಅಷ್ಟೊಂದು ನೆಮ್ಮದಿಗೆಟ್ಟಿದ್ದಾನೆ?

ಉತ್ತರ: 1987ರಲ್ಲಿ ಪ್ರಕಟವಾದ ‘ಹ್ಯಾಚೆಟ್’ನಲ್ಲಿ 13 ವರ್ಷದ ಬ್ರಯಾನ್, ಹಾರಾಟದ ನಡುವೆಯೇ ಪೈಲಟ್ ಹೃದಯಾಘಾತದಿಂದ ಸತ್ತಾಗ ಪುಟ್ಟ ವಿಮಾನವನ್ನು ಕೆನಡಾದ ಕಾಡಿನ ಸರೋವರವೊಂದಕ್ಕೆ ಇಳಿಸಿ, ತಾಯಿ ಕೊಟ್ಟಿದ್ದ ಸಣ್ಣ ಕೊಡಲಿಯನ್ನು ನೆಚ್ಚಿಕೊಂಡು 54 ದಿನ ಬದುಕುಳಿಯುತ್ತಾನೆ. ನಿಮ್ಮ ಪ್ರಶ್ನೆಗೆ ಉತ್ತರ ಆ ದಿನಗಳ ಒಂದು ರಾತ್ರಿಯಲ್ಲೇ ಇದೆ. ಬಂಡೆಯ ಕೆಳಗಿನ ಕತ್ತಲಲ್ಲಿ ಏನೋ ಸರಿದಾಡಿದ ಸದ್ದಿಗೆ ಎಚ್ಚೆತ್ತ ಹುಡುಗ, ಅದು ಏನೆಂದು ಯೋಚಿಸುವ ಮೊದಲೇ ಕೊಡಲಿ ಎಸೆಯುತ್ತಾನೆ. ಬಂದಿದ್ದು ಮುಳ್ಳುಹಂದಿ. ಅದರ ಮುಳ್ಳುಗಳು ಅವನ ಕಾಲಿಗೆ ನಾಟುತ್ತವೆ, ಗುರಿ ತಪ್ಪಿದ ಕೊಡಲಿ ಕಲ್ಲಿಗೆ ಬಡಿದು ಕಿಡಿ ಹಾರುತ್ತದೆ. ಆ ಕಿಡಿಯೇ ಮುಂದೆ ಅವನಿಗೆ ಬೆಂಕಿಯ ದಾರಿ ತೋರಿಸುತ್ತದೆ.

ಯೋಚನೆಗಿಂತ ಮೊದಲು ಕೈ ಎದ್ದದ್ದು ಕಾಡಿನಲ್ಲಿ ಜೀವ ಉಳಿಸುವ ಗುಣ. 1999ರ ‘ಬ್ರಯಾನ್ಸ್ ರಿಟರ್ನ್’ನಲ್ಲಿ ಪಿಜ್ಜಾ ಅಂಗಡಿಯ ಬಳಿ ಪುಂಡ ಹುಡುಗನೊಬ್ಬ ಮೈಮೇಲೆ ಬಂದಾಗಲೂ ಎದ್ದದ್ದು ಅದೇ ಕೈ. ಮೃಗವೊಂದು ಎರಗಿತೆಂಬಂತೆ ಬ್ರಯಾನ್ ತಿರುಗಿಬೀಳುತ್ತಾನೆ, ಎದುರಾಳಿ ನೆಲಕ್ಕುರುಳಿದರೂ ನಿಲ್ಲಿಸುವುದಿಲ್ಲ. ಆಘಾತದಿಂದ ಪಾರಾದವರಲ್ಲಿ ವೈದ್ಯರು ಗುರುತಿಸುವ ಅತಿಯಾದ ಎಚ್ಚರ ಇದೇ: ಅಪಾಯ ಮುಗಿದಿದೆ ಎಂಬ ಸುದ್ದಿ ಬುದ್ಧಿಗೆ ತಲುಪಿದ್ದರೂ ಮೈಗೆ ತಲುಪಿರುವುದಿಲ್ಲ.

ಆದರೆ ಇದನ್ನು ಬರೀ ಕಾಯಿಲೆಯೆಂದು ಓದಿದರೆ ಪುಸ್ತಕ ಅರ್ಧವೇ ದಕ್ಕೀತು. ‘ಹ್ಯಾಚೆಟ್’ನ ಕೊನೆಯ ಪುಟಗಳಲ್ಲಿ ಬ್ರಯಾನ್ ದಿನಸಿ ಅಂಗಡಿಯ ಸಾಲುಗಳ ನಡುವೆ ನಿಂತು, ಅಲ್ಲಿ ತುಂಬಿರುವ ಆಹಾರವನ್ನೇ ಬೆರಗಿನಿಂದ ನೋಡುತ್ತಾನೆ; ರಾತ್ರಿ ಸರೋವರದ ಕನಸು ಬಿದ್ದರೂ ಅದು ದುಃಸ್ವಪ್ನವಲ್ಲ. ಅವನು ಬೆಚ್ಚುವುದೂ ಹಂಬಲಿಸುವುದೂ ಒಂದೇ ಜಾಗಕ್ಕೆ. (ಚಳಿಗಾಲದೊಳಗೆ ರಕ್ಷಣೆ ಬಾರದೇ ಹೋಗಿದ್ದರೆ ಎಂದು ಕಲ್ಪಿಸಿ ಪಾಲ್ಸನ್ 1996ರಲ್ಲಿ ‘ಬ್ರಯಾನ್ಸ್ ವಿಂಟರ್’ ಬರೆದರು. ‘ರಿಟರ್ನ್’ ಅದರ ಮುಂದುವರಿಕೆಯಾದ್ದರಿಂದ ಓದುವ ಕ್ರಮದಲ್ಲಿ ಅದನ್ನು ಬಿಡಬೇಡಿ.)

ಹೊಡೆದಾಟದ ನಂತರ ಅವನನ್ನು ಕಳಿಸುವುದು ದೃಷ್ಟಿ ಕಳೆದುಕೊಂಡ ಮಾಜಿ ಪೊಲೀಸ್ ಒಬ್ಬರ ಬಳಿಗೆ, ಆಪ್ತಸಲಹೆಗೆಂದು. ಕಣ್ಣಿಲ್ಲದವರಿಗೆ ಕಾಡನ್ನು ಮಾತಿನಲ್ಲೇ ಕಟ್ಟಿಕೊಡಬೇಕಾದಾಗ, ಸುದ್ದಿಗಾಗಿ ಮುತ್ತಿಕೊಂಡವರಿಗೆ ಹೇಳಲಾಗದ್ದನ್ನು ಹುಡುಗ ಮೊದಲ ಬಾರಿ ಹೇಳುತ್ತಾನೆ. ನನಗೆ ಇಡೀ ಸರಣಿಯಲ್ಲಿ ಅತ್ಯಂತ ನಿಜವೆನಿಸುವ ಚಿಕಿತ್ಸೆ ಇದು. ಆಮೇಲೆ ಅವನು ಕಾಡಿಗೆ ಮರಳುವುದನ್ನು ಕೆಲವರು ಪಲಾಯನ ಎನ್ನಬಹುದು. ಆದರೆ ಮೊದಲ ಸಲ ಆಕಾಶದಿಂದ ಬಿದ್ದವನು ಈ ಸಲ ಏನೇನು ಬೇಕೆಂದು ಪಟ್ಟಿ ಮಾಡಿ, ಬಿಲ್ಲುಬಾಣ ಕಟ್ಟಿಕೊಂಡು, ದೋಣಿಗೆ ತಾನೇ ಹುಟ್ಟು ಹಾಕುತ್ತಾ ಹೋಗುತ್ತಾನೆ.