ಸಿಟಿ ವರದಿಯಲ್ಲಿ ಬರುವ ‘ಫಿಶರ್’ ಎಂದರೇನು?

ಎಂಫಿಸೆಮಾ ಎಂಬ ಶ್ವಾಸಕೋಶದ ಕಾಯಿಲೆ ಇರುವವರ ಎದೆಯ ಸಿಟಿ ಸ್ಕ್ಯಾನ್ ವರದಿಯಲ್ಲಿ ‘ಫಿಶರ್ ಕಂಪ್ಲೀಟ್’ ಎಂಬ ಮಾತು ಕಂಡೊಡನೆ, ಶ್ವಾಸಕೋಶವೇ ಪೂರ್ತಿ ಬಿರುಕು ಬಿಟ್ಟಿದೆಯೆಂದು ತಿಳಿದು ಕಂಗಾಲಾಗುವವರು ನಮ್ಮ ಮಂಗಳೂರು, ಉಡುಪಿಯ ಕಡೆ ಇಂದಿಗೂ ಇದ್ದಾರೆ. ಈಚೆಗೆ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದ ಆರೋಗ್ಯ ಬರಹವೊಂದು ಕೂಡ ಅದನ್ನು ‘ಶ್ವಾಸಕೋಶದ ಬಿರುಕು’ ಎಂದೇ ಕರೆದಿತ್ತು. ಈ ತಪ್ಪನ್ನು ಇನ್ನಾದರೂ ತಿದ್ದಿಕೊಳ್ಳಬೇಕು.

ಗೊಂದಲಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ‘ಪೈಲ್ಸ್, ಫಿಶರ್, ಫಿಸ್ಟುಲಾ’ ಎಂಬ ರಸ್ತೆಬದಿಯ ಫಲಕಗಳನ್ನು ಓದಿ ಓದಿ, ಫಿಶರ್ ಎಂದರೆ ಹರಿದ ಗಾಯವೆಂದೇ ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಪದದ ಮೂಲ ಲ್ಯಾಟಿನ್‌ನ ‘ಫಿಂಡೆರೆ’, ಅಂದರೆ ಸೀಳುವುದು. ಗುದದ್ವಾರದ ಗಾಯಕ್ಕೆ ಬಳಸುವ ಈ ಪದವನ್ನೇ ಅಂಗರಚನಾಶಾಸ್ತ್ರವು ಹುಟ್ಟಿನಿಂದಲೇ ಇರುವ ಸಹಜ ಸೀಳುಗಳಿಗೂ ಬಳಸುತ್ತದೆ. ಮೆದುಳಿನಲ್ಲೂ ಯಕೃತ್ತಿನಲ್ಲೂ ಅಂಥವಿವೆ. ಬಲ ಶ್ವಾಸಕೋಶದ ಮೂರು ಹಾಲೆಗಳ (ಲೋಬ್, ಅಂದರೆ ಶ್ವಾಸಕೋಶದ ದೊಡ್ಡ ವಿಭಾಗಗಳು) ನಡುವೆ ಎರಡು, ಎಡದ ಎರಡು ಹಾಲೆಗಳ ನಡುವೆ ಒಂದು ಫಿಶರ್ ಇರುತ್ತದೆ. ಸೀಳು ಎನ್ನಿ, ಅಡ್ಡಿಯಿಲ್ಲ. ಒಡೆದದ್ದನ್ನು ಸೂಚಿಸುವ ‘ಬಿರುಕು’ ಮಾತ್ರ ಇಲ್ಲಿ ಸಲ್ಲದು.

ಎಂಫಿಸೆಮಾದಲ್ಲಿ ಗಾಳಿಗೂಡುಗಳ ಗೋಡೆ ನಾಶವಾಗಿ, ಒಳಹೋದ ಗಾಳಿ ಹೊರಬರಲಾರದೆ ಹಾಲೆ ಉಬ್ಬಿ ನಿಲ್ಲುತ್ತದೆ. ಎದೆ ಕೊಯ್ಯದೆ, ಶ್ವಾಸನಾಳದೊಳಗೆ ಇಳಿಸುವ ತೆಳು ನಳಿಕೆಯಾದ ಬ್ರಾಂಕೋಸ್ಕೋಪ್ ಮೂಲಕ ಆ ಹಾಲೆಯ ಶ್ವಾಸನಾಳಗಳಿಗೆ ಏಕಮುಖ ವಾಲ್ವ್ ಕೂರಿಸುವ ಚಿಕಿತ್ಸೆಗೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆಯಿತು. ಈ ವಾಲ್ವ್ ಗಾಳಿಯನ್ನು ಹೊರಗೆ ಮಾತ್ರ ಬಿಡುವುದರಿಂದ ಕೆಟ್ಟ ಹಾಲೆ ಕುಗ್ಗಿ, ಉಳಿದ ಭಾಗಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಆದರೆ ಗದ್ದೆಯ ಕಟ್ಟಪುಣಿ ಅಲ್ಲಲ್ಲಿ ಇಲ್ಲದಿದ್ದರೆ ತೂಬು ಮುಚ್ಚಿಯೂ ಪಕ್ಕದ ಗದ್ದೆಯ ನೀರು ನುಗ್ಗುವಂತೆ, ಫಿಶರ್ ಹಾಲೆಗಳನ್ನು ಪೂರ್ತಿ ಬೇರ್ಪಡಿಸದೆ ಅಪೂರ್ಣವಾಗಿದ್ದರೆ ಪಕ್ಕದ ಹಾಲೆಯ ಗಾಳಿ ಒಳಬರುತ್ತಲೇ ಇರುತ್ತದೆ ಮತ್ತು ವಾಲ್ವ್ ಹಾಕಿದ್ದು ವ್ಯರ್ಥವಾಗುತ್ತದೆ. ಹಾಗಾಗಿ ‘ಕಂಪ್ಲೀಟ್’ ಎಂಬುದು ಶುಭವಾರ್ತೆ. ‘ಸದ್ಯ, ಇನ್ನೂ ಪೂರ್ತಿ ಆಗಿಲ್ಲ’ ಎಂದು ಸಮಾಧಾನಪಡುವವರು ವರದಿಯನ್ನು ತಲೆಕೆಳಗಾಗಿ ಓದುತ್ತಿದ್ದಾರೆ.

ಈ ಪೂರ್ಣತೆಯನ್ನು ಅಳೆಯುವುದು ಸಿಟಿಯೇ. ಸುಮಾರು ಒಂದು ಮಿಲಿಮೀಟರ್ ದಪ್ಪದ ತೆಳು ಚಿತ್ರಗಳಲ್ಲಿ ಫಿಶರ್ ಸಪೂರ ಬಿಳಿ ಗೆರೆಯಾಗಿ ಕಾಣುತ್ತದೆ. ಗೆರೆ ಎಲ್ಲಿ ಅಳಿಸಿಹೋಗಿದೆ ಎಂಬುದನ್ನು ಬೇರೆ ಬೇರೆ ಕೋನಗಳಿಂದ ನೋಡಿ, ಸಾಫ್ಟ್‌ವೇರ್ ನೆರವಿನಿಂದ ಶೇಕಡಾವಾರು ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ ಶೇ. 95ಕ್ಕಿಂತ ಹೆಚ್ಚಿದ್ದರೆ ವಾಲ್ವ್‌ಗೆ ಅನುಕೂಲ, ಶೇ. 80ಕ್ಕಿಂತ ಕಡಿಮೆಯಿದ್ದರೆ ಪ್ರತಿಕೂಲ. ನಡುವಿನವರಲ್ಲಿ ಬಲೂನಿನಿಂದ ಹಾಲೆಯ ನಾಳವನ್ನು ತಡೆದು, ಗಾಳಿಯ ಹರಿವು ನಿಲ್ಲುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದ ಫೋಟೊದಿಂದ ಇದಾವುದೂ ತಿಳಿಯುವುದಿಲ್ಲ. ತೆಳು ಚಿತ್ರಗಳಿರುವ ಸಿಡಿಯನ್ನು ಸ್ಕ್ಯಾನ್ ಸೆಂಟರಿನಲ್ಲಿ ಕೇಳಿಯೇ ಪಡೆಯಬೇಕು.

ಫಿಶರ್ ಪೂರ್ಣವಾಗಿದ್ದವರಿಗೂ ಒಂದು ಅಪಾಯ ತಪ್ಪಿದ್ದಲ್ಲ. ಹಾಲೆ ಬೇಗ ಕುಗ್ಗಿದಾಗ ಪಕ್ಕದ ಹಾಲೆ ಹಠಾತ್ತನೆ ಹಿಗ್ಗಿ, ಅಲ್ಲಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಳ್ಳಬಹುದು. ಹೆಚ್ಚಿನ ಪ್ರಕರಣಗಳಲ್ಲಿ ಇದು ಮೊದಲ ಮೂರು ದಿನಗಳಲ್ಲೇ ಆಗುವುದರಿಂದ, ಅಷ್ಟು ದಿನ ರೋಗಿಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎದೆಯ ಎಕ್ಸ್‌ರೇ ತೆಗೆದು ನೋಡುತ್ತಾರೆ.