ಬಿಪಿ, ಶುಗರ್ ಇತ್ತಂತೆ: ಸಾವಿನ ಪಟ್ಟಿಯಲ್ಲಿ ನಾವು ಓದದೇ ಬಿಟ್ಟ ಎರಡು ಕಾಲಂ

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಸೌದಿ ಅರೇಬಿಯಾದಿಂದ ವಾಪಸ್ ಬಂದು ಹೆಚ್ಚು ದಿನ ಆಗಿರಲಿಲ್ಲ. ಎರಡು ದಿನ ಬಿಟ್ಟು ವರದಿ ಬಂತು. ದೇಶದ ಮೊದಲ ಕೋವಿಡ್ ಸಾವು ಅದು. ಸುದ್ದಿಯ ಬೆನ್ನಿಗೇ ಇನ್ನೊಂದು ಮಾತೂ ಬಂತು: ಅವರಿಗೆ ಬಿಪಿ ಇತ್ತು, ಆಸ್ತಮಾ ಇತ್ತು. ಮುಂದಿನ ಎರಡು ವರ್ಷ ಆ ಮಾತಿಲ್ಲದೆ ಬಂದ ಸಾವಿನ ಸುದ್ದಿ ಕಡಿಮೆ. "ಶುಗರ್ ಇತ್ತಂತೆ" ಅಂದರೆ ಸಾಕು, ಕೇಳಿದವರಿಗೆ ಏನೋ ಒಂದು ಸಮಾಧಾನ. ನಮಗಿಲ್ಲವಲ್ಲ, ಅಥವಾ ಇದ್ದರೂ ಮಾತ್ರೆ ತಗೋತಿದ್ದೀವಲ್ಲ ಎಂದು.

ಉಸಿರಾಟದ ವೈರಸ್ ಯಾರನ್ನು ಕೊಲ್ಲುತ್ತದೆ ಎಂಬ ಪ್ರಶ್ನೆಗೆ ನೂರು ವರ್ಷದಲ್ಲಿ ಸಿಕ್ಕ ಉತ್ತರ ಒಂದೇ ಅಲ್ಲ. ಅದಕ್ಕೇ ಈ ವಿಷಯ ಇಷ್ಟು ಗೋಜಲು.

1918ರ ಇನ್‌ಫ್ಲುಯೆಂಜಾ ಮುದುಕರನ್ನಷ್ಟೇ ಅಲ್ಲ, 20ರಿಂದ 40 ವರ್ಷದ ಗಟ್ಟಿಮುಟ್ಟಾದ ಜನರನ್ನೂ ಹೊತ್ತೊಯ್ದಿತು. ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು ಎಂದು ಅಂದಾಜು. ಬಾಂಬೆ ನಗರದ ಲೆಕ್ಕ ನೋಡಿದರೆ ಎದೆ ಝಲ್ ಎನ್ನುತ್ತದೆ. ಅಲ್ಲಿನ ಯುರೋಪಿಯನ್ನರಲ್ಲಿ ಸಾವಿರಕ್ಕೆ 8.3 ಜನ ಸತ್ತರೆ, ಕೆಳಜಾತಿ ಎಂದು ಬರೆಸಿಕೊಂಡ ಹಿಂದೂಗಳಲ್ಲಿ ಸಾವಿರಕ್ಕೆ 61.6. ವೈರಸ್ ಒಂದೇ, ಊರು ಒಂದೇ. ಮನೆ, ಊಟ, ಆರೈಕೆ ಬೇರೆ. ಬಹುಪಾಲು ಜನರನ್ನು ಕೊಂದಿದ್ದು ವೈರಸ್ಸಿನ ಹಿಂದೆಯೇ ಶ್ವಾಸಕೋಶಕ್ಕೆ ಹತ್ತಿದ ಬ್ಯಾಕ್ಟೀರಿಯಾದ ನ್ಯುಮೋನಿಯಾ ಎಂದು ಆಮೇಲೆ ಗೊತ್ತಾಯಿತು. ಆಗ ಆಂಟಿಬಯಾಟಿಕ್ ಇನ್ನೂ ಬಂದಿರಲಿಲ್ಲ.

2003ರ ಸಾರ್ಸ್ 8,098 ಜನರಿಗೆ ತಗುಲಿ 774 ಮಂದಿಯನ್ನು ಕೊಂದಿತು. ಅಲ್ಲಿ ವಯಸ್ಸೇ ಮುಖ್ಯವಾಗಿತ್ತು. 2009ರ ಎಚ್1ಎನ್1 ಮತ್ತೆ ಲೆಕ್ಕ ತಿರುಗಿಸಿತು. ನಮ್ಮ ದೇಶದಲ್ಲಿ ಮೊದಲು ಸತ್ತದ್ದು ಪುಣೆಯ 14 ವರ್ಷದ ಹುಡುಗಿ. ಗರ್ಭಿಣಿಯರು, ತೂಕ ಜಾಸ್ತಿ ಇದ್ದವರು ಅಪಾಯದ ಪಟ್ಟಿಗೆ ಸೇರಿದರು. ಹಿರಿಯರಿಗೆ ಸೋಂಕು ತಗುಲಿದ್ದೇ ಕಡಿಮೆ, ಯಾಕಂದರೆ ಅವರ ಮೈ ಇಂಥದೇ ಹಳೆಯ ವೈರಸ್ಸನ್ನು ಚಿಕ್ಕಂದಿನಲ್ಲೇ ಕಂಡಿತ್ತು.

ಹಾಗಾಗಿ 2020ರಲ್ಲಿ ಎಲ್ಲರೂ ಹೊಸ ಪಟ್ಟಿಗೆ ಕಾಯುತ್ತಿದ್ದರು. ಚೀನಾ ಫೆಬ್ರುವರಿಯಲ್ಲೇ ಅದನ್ನು ಕೊಟ್ಟಿತು. 44,672 ಸೋಂಕಿತರಲ್ಲಿ ಸತ್ತವರು ಶೇ 2.3. 80 ದಾಟಿದವರಲ್ಲಿ ಶೇ 14.8. ಹೃದಯದ ಕಾಯಿಲೆ ಇದ್ದವರಲ್ಲಿ ಶೇ 10.5, ಸಕ್ಕರೆ ಕಾಯಿಲೆ ಇದ್ದವರಲ್ಲಿ 7.3, ಬಿಪಿ ಇದ್ದವರಲ್ಲಿ 6. ಯಾವ ಕಾಯಿಲೆಯೂ ಇಲ್ಲದವರಲ್ಲಿ 0.9. ಜಗತ್ತಿನ ಎಲ್ಲ ಪತ್ರಿಕೆಗಳೂ ಇದನ್ನು ಅಚ್ಚು ಹಾಕಿದವು. ಕೊಮಾರ್ಬಿಡಿಟಿ, ಅಂದರೆ ಮೊದಲೇ ಇದ್ದ ಬೇರೆ ಕಾಯಿಲೆ, ಎಂಬ ಪದ ನಮ್ಮ ಹಳ್ಳಿಕಟ್ಟೆಗೂ ಬಂದು ಕೂತಿತು.

ನಮ್ಮ ಆರೋಗ್ಯ ಇಲಾಖೆ ಆಗ ಪ್ರತಿದಿನ ಸಂಜೆ ಬುಲೆಟಿನ್ ಬಿಡುಗಡೆ ಮಾಡುತ್ತಿತ್ತು. ಸತ್ತ ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ಸಾಲು. ಜಿಲ್ಲೆ, ರೋಗಿಯ ಸಂಖ್ಯೆ, ವಯಸ್ಸು, ಹೆಣ್ಣೋ ಗಂಡೋ. ಆಮೇಲೆ ಐಎಲ್‌ಐ ಅಥವಾ ಸಾರಿ, ಅಂದರೆ ಶೀತಜ್ವರವೋ ತೀವ್ರ ಉಸಿರಾಟದ ತೊಂದರೆಯೋ. ಜ್ವರ, ಕೆಮ್ಮು, ದಮ್ಮು ಎಂಬ ಲಕ್ಷಣಗಳು. ನಂತರ ಕೊಮಾರ್ಬಿಡಿಟಿ ಕಾಲಂ: ಡಿಎಂ ಅಂದರೆ ಶುಗರ್, ಎಚ್‌ಟಿಎನ್ ಅಂದರೆ ಬಿಪಿ, ಐಎಚ್‌ಡಿ ಅಂದರೆ ಹೃದಯದ ತೊಂದರೆ. ಅದರ ಪಕ್ಕದಲ್ಲೇ ಇನ್ನೆರಡು ಕಾಲಂ ಇದ್ದವು. ದಾಖಲಾದ ದಿನ, ತೀರಿಕೊಂಡ ದಿನ.

ಸುದ್ದಿಮನೆಗಳಲ್ಲಿ ನಾವು ಡಿಎಂ, ಎಚ್‌ಟಿಎನ್ ಎತ್ತಿಕೊಂಡು ಸುದ್ದಿ ಬರೆದೆವು. ದಿನಾಂಕಗಳ ಮೇಲೆ ಕಣ್ಣು ಹಾಯಿಸಿ ಮುಂದೆ ಹೋದೆವು. ಎಷ್ಟೋ ಸಾಲುಗಳಲ್ಲಿ ಆ ಎರಡೂ ದಿನಾಂಕ ಒಂದೇ ಆಗಿರುತ್ತಿದ್ದವು, ಇಲ್ಲವೇ ಮರುದಿನದ್ದು. ಕೆಲವರು ಆಸ್ಪತ್ರೆಗೆ ಬರುವ ಮೊದಲೇ ಹೋಗಿರುತ್ತಿದ್ದರು. ಇದು ಕರ್ನಾಟಕದ ಕತೆಯಷ್ಟೇ ಅಲ್ಲ. ತಮಿಳುನಾಡು, ಆಂಧ್ರದ ಸೋಂಕಿತರ ಬಗ್ಗೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಅಲ್ಲಿ ಸತ್ತವರು ಅದಕ್ಕೂ ಮುಂಚೆ ಆಸ್ಪತ್ರೆಯಲ್ಲಿ ಇದ್ದದ್ದು ಐದು ದಿನದ ಆಸುಪಾಸು. ಅಮೆರಿಕದಲ್ಲಿ ಹದಿಮೂರು ದಿನ. ನಮ್ಮವರು ತಡವಾಗಿ ಬರುತ್ತಿದ್ದರು ಎಂಬುದು ಇದಕ್ಕೆ ಒಂದು ಕಾರಣ ಅಂತ ನನಗನಿಸುತ್ತದೆ.

ಯಾಕೆ ತಡ? ಈ ರೋಗ ನಡೆಯುವ ರೀತಿಯೇ ಹಾಗೆ. ಮೊದಲ ನಾಲ್ಕೈದು ದಿನ ಜ್ವರ, ಮೈಕೈ ನೋವು. ಆಮೇಲೆ ಸ್ವಲ್ಪ ಹಗುರ ಅನಿಸುತ್ತದೆ. ಕೆಡುವುದು ಒಂದು ವಾರದ ಆಚೀಚೆ. ಅಷ್ಟರಲ್ಲಿ ಜ್ವರ ಬಿಟ್ಟಿತು ಎಂದು ಮನೆಯವರು ನಿರಾಳರಾಗಿರುತ್ತಾರೆ. ರಕ್ತದಲ್ಲಿ ಆಮ್ಲಜನಕ ಶೇ 80ಕ್ಕೆ ಇಳಿದಿದ್ದರೂ ಮನುಷ್ಯ ಮಂಚದ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿರುತ್ತಾನೆ. ಬಾತ್‌ರೂಮಿಗೆ ಎದ್ದು ಹೋದಾಗಲೇ ಕುಸಿಯುವುದು. ಬೆರಳಿಗೆ ಸಿಕ್ಕಿಸಿ ಆ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಮನೆಮನೆಗೆ ಬಂದದ್ದು ಇದಕ್ಕೇ. ಆರು ನಿಮಿಷ ನಡೆದು ಮತ್ತೆ ನೋಡಿ, 94ಕ್ಕಿಂತ ಕೆಳಗೆ ಬಂದರೆ ಹೊರಡಿ ಎಂದು ವೈದ್ಯರು ಹೇಳಿದ್ದೂ ಇದಕ್ಕೇ. ಅಂದಹಾಗೆ, ಆ ಯಂತ್ರ ಕಪ್ಪು ಚರ್ಮದವರಲ್ಲಿ ಇದ್ದದ್ದಕ್ಕಿಂತ ಹೆಚ್ಚು ಅಂಕಿ ತೋರಿಸುವುದುಂಟು ಎಂದು 2020ರ ಕೊನೆಯಲ್ಲಿ ಅಮೆರಿಕದಿಂದ ವರದಿ ಬಂತು. ನಮ್ಮಲ್ಲಿ ಅದರ ಚರ್ಚೆ ಆಗಬೇಕಾದಷ್ಟು ಆಗಲಿಲ್ಲ.

ಹಾಗಂತ ಶುಗರ್, ಬಿಪಿ ಸುಳ್ಳು ಕಾರಣಗಳಾ? ಇಲ್ಲ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಮೂರರಲ್ಲಿ ಒಬ್ಬರಿಗೆ ಬಿಪಿ ಇದೆ. ವಯಸ್ಸಾದಂತೆ ಇನ್ನೂ ಜಾಸ್ತಿ. ಅಂದಮೇಲೆ ಸತ್ತ 65 ವರ್ಷದವರಲ್ಲಿ ಬಿಪಿ ಕಾಣಿಸಿದರೆ ಆಶ್ಚರ್ಯವೇನು? ಕೋವಿಡ್ಡಿನಿಂದ ಗುಣವಾಗಿ ಮನೆಗೆ ಹೋದ 65 ವರ್ಷದವರಲ್ಲೂ ಅದು ಇತ್ತು. ಇಂಗ್ಲೆಂಡಿನಲ್ಲಿ 1.7 ಕೋಟಿ ಜನರ ದಾಖಲೆ ಇಟ್ಟುಕೊಂಡು ನಡೆಸಿದ ಓಪನ್‌ಸೇಫ್ಲಿ ಅಧ್ಯಯನ ಇದನ್ನು ಬಿಡಿಸಿ ನೋಡಿತು. ವಯಸ್ಸು, ತೂಕ, ಮಿಕ್ಕ ಕಾಯಿಲೆಗಳನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೆ ಬಿಪಿಯ ಪಾಲು ಹೆಚ್ಚುಕಡಿಮೆ ಉಳಿಯಲೇ ಇಲ್ಲ. ಶುಗರ್ ಉಳಿಯಿತು. ಅದೂ ಹಿಡಿತದಲ್ಲಿದ್ದವರಿಗೆ ಅಪಾಯ ಸುಮಾರು 1.3 ಪಟ್ಟು, ಹಿಡಿತ ತಪ್ಪಿದವರಿಗೆ ಸುಮಾರು 2 ಪಟ್ಟು. 80 ದಾಟಿದವರ ಅಪಾಯ 50ರಿಂದ 59 ವರ್ಷದವರ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ವಯಸ್ಸಿನ ಮುಂದೆ ಉಳಿದದ್ದೆಲ್ಲ ಸಣ್ಣದು. ಗಂಡಸರಿಗೆ ಹೆಂಗಸರಿಗಿಂತ ಜಾಸ್ತಿ, ಬಡ ಬಡಾವಣೆಯವರಿಗೆ ಜಾಸ್ತಿ, ದಕ್ಷಿಣ ಏಷ್ಯಾ ಮೂಲದವರಿಗೂ ಜಾಸ್ತಿ.

ಯಾವ ಕಾಯಿಲೆಯೂ ಇಲ್ಲದ ಕೆಲವರು ಹೋದದ್ದಕ್ಕೂ ಒಂದು ಎಳೆ ಸಿಕ್ಕಿತು. ತೀರಾ ಗಂಭೀರವಾಗಿದ್ದ 987 ರೋಗಿಗಳ ರಕ್ತ ಪರೀಕ್ಷಿಸಿದಾಗ 101 ಜನರಲ್ಲಿ ವಿಚಿತ್ರವೊಂದು ಕಂಡಿತು. ವೈರಸ್ ಬಂದಾಗ ಮೊದಲು ಕೂಗು ಹಾಕುವ ಇಂಟರ್‌ಫೆರಾನ್ ಎಂಬ ವಸ್ತುವನ್ನು ಅವರ ದೇಹವೇ ಹೊಡೆದುಹಾಕುತ್ತಿತ್ತು. ಆ 101ರಲ್ಲಿ 95 ಗಂಡಸರು. ಇಂಥದ್ದು ಯಾವ ಬುಲೆಟಿನ್ನಿನ ಯಾವ ಕಾಲಮ್ಮಿನಲ್ಲೂ ಬರಲು ಸಾಧ್ಯವಿರಲಿಲ್ಲ.

ಸಾವನ್ನು ಬರೆದುಕೊಳ್ಳುವುದು ಹೇಗೆ ಎಂಬ ಮಾರ್ಗಸೂಚಿ ಬಂದದ್ದು ಬೆಂಗಳೂರಿನಿಂದಲೇ. ಇಲ್ಲಿರುವ ಐಸಿಎಂಆರ್‌ನ ರೋಗ ಮಾಹಿತಿ ಸಂಶೋಧನಾ ಸಂಸ್ಥೆ ಎನ್‌ಸಿಡಿಐಆರ್ 2020ರಲ್ಲೇ ಸ್ಪಷ್ಟವಾಗಿ ಹೇಳಿತ್ತು. ಶುಗರ್, ಹೃದಯದ ತೊಂದರೆ ಅಪಾಯ ಹೆಚ್ಚಿಸಬಹುದು, ಆದರೆ ಸಾವಿನ ಮೂಲ ಕಾರಣ ಎಂದು ಅವನ್ನು ಬರೆಯಬಾರದು. ಆದರೂ ನಮ್ಮ ಬುಲೆಟಿನ್ನಿನಲ್ಲಿ "ಕೋವಿಡ್ ಅಲ್ಲದ ಕಾರಣದಿಂದ ಸತ್ತ ಕೋವಿಡ್ ರೋಗಿಗಳು" ಎಂಬ ಸಾಲು ಬೇರೆಯಾಗಿಯೇ ನಡೆದುಕೊಂಡು ಬಂತು. ಅಪಘಾತ, ಆತ್ಮಹತ್ಯೆಗೆ ಅಂಥದೊಂದು ಸಾಲು ಬೇಕು, ನಿಜ. ಓದುವ ಜನಕ್ಕೆ ಮಾತ್ರ ಈ ಗೆರೆ ಎಲ್ಲಿ ಎಂದು ತಿಳಿಯುತ್ತಿರಲಿಲ್ಲ.

ನಂತರ ಬಂದದ್ದು 2021ರ ಏಪ್ರಿಲ್, ಮೇ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಪ್ರಕರಣ. ಬೆಂಗಳೂರಿನಲ್ಲಿ ಸರ್ಕಾರಿ ಕೋಟಾದ ಬೆಡ್ ಬೇಕಾದರೆ ಬಿಯು ನಂಬರ್ ಎಂಬ ರೋಗಿಯ ಗುರುತಿನ ಸಂಖ್ಯೆ ಬೇಕು. ಬಿಯು ನಂಬರ್ ಬರಬೇಕಾದರೆ ಪಾಸಿಟಿವ್ ವರದಿ ಬೇಕು. ವರದಿ ಬರಲು ದಿನಗಟ್ಟಲೆ. ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶ ಬೆಳ್ಳಗಾಗಿದ್ದರೂ ಸ್ವಾಬ್ ನೆಗೆಟಿವ್ ಬಂದವರು ಎಲ್ಲಿಗೂ ಸಲ್ಲದೆ ಸುತ್ತಿದರು. ಬೆಡ್ ಕೇಳಿ 1912 ಸಹಾಯವಾಣಿಗೆ ಫೋನ್ ಮಾಡಿ ಕಾದವರ ಮನೆಯಲ್ಲಿ ಆಕ್ಸಿಮೀಟರ್ 88, 85, 81 ಎಂದು ಇಳಿಯುತ್ತಿತ್ತು. ಮೇ 2ರ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಚಾಮರಾಜನಗರ ಜಿಲ್ಲಾಸ್ಪತ್ರೆಯ ಸುದ್ದಿ ಬಂತು. 24 ತಾಸಿನಲ್ಲಿ 24 ಜನ. ಆಮ್ಲಜನಕದ ಕೊರತೆಯೇ ಕಾರಣ ಎಂದು ಹೈಕೋರ್ಟ್ ನೇಮಿಸಿದ ಸಮಿತಿ ಹೇಳಿತು. ಅವರಲ್ಲೂ ಕೆಲವರಿಗೆ ಶುಗರ್ ಇದ್ದಿರಬಹುದು. ಅದನ್ನು ಕೇಳಿ ಏನು ಮಾಡುವುದು?

ಔಷಧದ ವಿಷಯದಲ್ಲೂ ಸಮಯವೇ ಮುಖ್ಯವಾಗಿತ್ತು. ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟಿರಾಯ್ಡ್ ವೆಂಟಿಲೇಟರಿನಲ್ಲಿದ್ದವರ ಸಾವನ್ನು ಮೂರನೇ ಒಂದರಷ್ಟು, ಆಮ್ಲಜನಕದ ಮೇಲಿದ್ದವರ ಸಾವನ್ನು ಐದನೇ ಒಂದರಷ್ಟು ತಗ್ಗಿಸುತ್ತದೆ ಎಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಎಂಬ ಔಷಧ ಪ್ರಯೋಗ ತೋರಿಸಿತು. ಆಮ್ಲಜನಕ ಬೇಡದವರಿಗೆ ಅದರಿಂದ ಲಾಭ ಕಾಣಲಿಲ್ಲ. ನಮ್ಮಲ್ಲಿ ಮಾತ್ರ ಎಷ್ಟೋ ಮಂದಿ ಭಯಕ್ಕೆ ಎರಡನೇ ದಿನವೇ ಮನೆಯಲ್ಲಿ ನುಂಗಲು ಶುರು ಮಾಡಿದರು. ಸ್ಟಿರಾಯ್ಡ್ ಸಕ್ಕರೆ ಏರಿಸುತ್ತದೆ, ಸೋಂಕು ತಡೆಯುವ ಶಕ್ತಿ ಇಳಿಸುತ್ತದೆ. ಮೊದಲೇ ಶುಗರ್ ಇದ್ದವರಿಗೆ ಇದು ಸೇರಿಕೊಂಡು ಕಪ್ಪು ಶಿಲೀಂಧ್ರ ಬಂತು. ಕಣ್ಣು ಕಳೆದುಕೊಂಡವರಿದ್ದಾರೆ, ದವಡೆ ತೆಗೆಸಿಕೊಂಡವರಿದ್ದಾರೆ. ಅದರ ಔಷಧ ಆಂಫೊಟೆರಿಸಿನ್‌ಗಾಗಿ ಊರೂರು ಅಲೆದವರಿದ್ದಾರೆ. ಅಲ್ಲಿ ಶುಗರ್ ನಿಜವಾದ ಕಾರಣವೇ ಆಗಿತ್ತು, ಆದರೆ ಒಂಟಿಯಾಗಿ ಅಲ್ಲ.

ಲಸಿಕೆ ಬಂದ ಮೇಲೆ ಪಟ್ಟಿ ಮತ್ತೆ ಬದಲಾಯಿತು. ಲಸಿಕೆ ಆಗದಿರುವುದೇ ದೊಡ್ಡ ಅಪಾಯ ಅನಿಸಿಕೊಂಡಿತು. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ ಎಚ್‌ಎಂಪಿವಿ ಎಂಬ ಉಸಿರಾಟದ ವೈರಸ್ ಸಿಕ್ಕಾಗ ಟಿವಿಗಳು ಮೊದಲು ಕೇಳಿದ್ದು ಹಳೆಯ ಪ್ರಶ್ನೆಯನ್ನೇ: ಮಗುವಿಗೆ ಮೊದಲೇ ಏನಾದರೂ ಇತ್ತಾ? ಅದು 2001ರಲ್ಲೇ ಗುರುತಿಸಿದ ವೈರಸ್. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳು, ಹೃದಯ, ಶ್ವಾಸಕೋಶದ ತೊಂದರೆ ಇರುವವರು, ವಯಸ್ಸಾದವರು ಇದಕ್ಕೆ ಹೆಚ್ಚು ಹುಷಾರಾಗಿರಬೇಕು. ಇದಕ್ಕೆಂದೇ ಮಾಡಿದ ಔಷಧ ಇಲ್ಲ. ಗಂಭೀರವಾದರೆ ಬೇಕಾಗುವುದು ಸರಿಯಾದ ಹೊತ್ತಿಗೆ ಆಮ್ಲಜನಕ ಮತ್ತು ದ್ರವ. 2021ರ ನಂತರ ಗಾಳಿಯಿಂದಲೇ ಆಮ್ಲಜನಕ ತೆಗೆಯುವ ಪಿಎಸ್‌ಎ ಘಟಕಗಳು ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಿಗೆ ಬಂದಿವೆ. ನಿಮ್ಮ ತಾಲ್ಲೂಕಿನಲ್ಲಿ ಅಂಥದೊಂದು ಇದೆಯಾ, ಅದನ್ನು ಆಗಾಗ ಓಡಿಸಿ ನೋಡುತ್ತಾರಾ, ರಾತ್ರಿ ಪಾಳಿಯಲ್ಲಿ ಅದನ್ನು ನಡೆಸಲು ಗೊತ್ತಿರುವವರು ಇರುತ್ತಾರಾ ಎಂದು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯನ್ನು ಯಾರು ಬೇಕಾದರೂ ಕೇಳಬಹುದು.